ಊರು ಕೇಳಬಾರದ ಕೆಲಸ

ಮುಂಬೈಯಲ್ಲಿ ನನಗೆ ಮೊದಲು ಕಲಿಸಿದ್ದು, ಎದುರಿಗೆ ಕೂತವರ ಹೆಸರು ಕೇಳಬಾರದು, ಊರಂತೂ ಕೇಳಲೇಬಾರದು ಎಂದು. ಮೈಸೂರಿನವಳಿಗೆ ಇದೆಂಥ ಶಿಕ್ಷೆ ನೋಡಿ! ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಮುಂದಿನ ಸ್ಟಾಪಿನೊಳಗೆ ಯಾವೂರು, ಯಾರ ಪೈಕಿ ಎಂದು ವಿಚಾರಿಸಿ ಮುಗಿಸಿರುತ್ತೇವೆ.

ಪವಾಯಿಯ ಲ್ಯಾಬಿನಲ್ಲಿ ನನ್ನದು ಎಚ್‌ಐವಿ ವೈರಸ್ಸಿನ ವಂಶಾವಳಿ ಬಿಡಿಸುವ ಕೆಲಸ. ಬೇರೆಬೇರೆಯವರ ರಕ್ತದಲ್ಲಿ ಸಿಕ್ಕ ವೈರಸ್ಸುಗಳ ಜೀನುಗಳನ್ನು ಹೋಲಿಸಿದರೆ ಯಾವುದಕ್ಕೆ ಯಾವುದು ಹತ್ತಿರದ ನೆಂಟ ಎಂದು ತಿಳಿಯುತ್ತದೆ. ಸೋಂಕು ಈಗ ಎಲ್ಲಿ ಹರಡುತ್ತಿದೆ, ಪರೀಕ್ಷೆ, ಔಷಧಿ ಮೊದಲು ಎಲ್ಲಿಗೆ ತಲುಪಬೇಕು ಎಂದು ಅದರಿಂದ ಊಹಿಸಬಹುದು. ಯಾರಿಂದ ಯಾರಿಗೆ ಬಂತೆಂದು ಅದು ಹೇಳುವುದಿಲ್ಲ. ಒಪ್ಪಿದವರ ಮನೆಗೆ ಹೋಗಿ ಮಾತಾಡಿಸುತ್ತೇವೆ; ನಮ್ಮ ಪಾಲಿಗೆ ಅವರು ಒಂದು ನಂಬರ್ ಅಷ್ಟೇ.

ವಿಕ್ರೋಳಿಯ ಒಂದು ಚಾಳಿನಲ್ಲಿ, ಅಂದರೆ ಒಂದೇ ಪಡಸಾಲೆಗೆ ಬಾಗಿಲು ತೆರೆಯುವ ಒಂಟಿ ಕೋಣೆಗಳ ಸಾಲಿನಲ್ಲಿ, ಒಬ್ಬಾಕೆ ಹಿಂದಿಯಲ್ಲಿ ಉತ್ತರಿಸುತ್ತಿದ್ದರು. ನಡುವೆ ಹಾಲು ಉಕ್ಕಿತು. "ಅಯ್ಯ ಶಿವನ!" ಎಂದರು. ನನಗೆ ತಡೆಯಲಾಗಲಿಲ್ಲ.

"ನೀವು ಕನ್ನಡದವರಾ? ಯಾವೂರು?"

ಅವರ ಮುಖ ಅರಳಿತು. "ಇಂಡಿ ಕಡೇದವ್ರು ರೀ. ಎಷ್ಟ್ ದಿನಾ ಆತ್ರಿ ನಮ್ಮ ಮಾತ್ ಕೇಳಿ!"

ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೈಗಿಟ್ಟರು. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ನಾನೋ ಹಿಗ್ಗಿ, "ಬೊರಿವಲಿಯಲ್ಲಿ ನಾನು ಬಾಡಿಗೆಗಿರುವ ಮನೆಯವರೂ ಇಂಡಿಯವರೇ. ಬಟ್ಟೆ ಅಂಗಡಿ ಮಲ್ಲಪ್ಪನವರು" ಎಂದೆ.

ಮುಂಬೈ ಎಷ್ಟು ದೊಡ್ಡದಾದರೂ ನಮ್ಮವರ ಮುಂಬೈ ಬಹಳ ಚಿಕ್ಕದು.

"ಅವ್ರು ನಮ್ಮ ಭಾವನೋರ್ರಿ," ಎಂದರು ಮೆಲ್ಲಗೆ. "ನಮ್ಮ ಮನಿಯವರು ಕಾಮಣಿ ಬ್ಯಾನಿಯಾಗಿ ತೀರ್ಕೊಂಡ್ರು ಅಂತ ಅವ್ರಿಗೆ ಹೇಳೀನಿ. ಮಗಳ ಮದುವಿ ಮಾತು ಅವರೇ ನಡಸ್ಯಾರ. ನಿಮ್ಮ ಕಾಲಿಗೆ ಬೀಳ್ತೀನ್ರಿ ಅಕ್ಕಾರ."

ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟೆ. ಆದರೆ ಅಷ್ಟು ಸಡಿಲ ಬಾಯಿಯವಳನ್ನು ಯಾರು ನಂಬುತ್ತಾರೆ? ಮುಂದಿನ ಸಲ ಹೋದಾಗ ಬಾಗಿಲಿಗೆ ಬೀಗ. ಕೋಣೆ ಬಿಟ್ಟು ಹೋದರಂತೆ, ಆಸ್ಪತ್ರೆಗೆ ಔಷಧಿಗೂ ಬಂದಿಲ್ಲವಂತೆ. ನಮ್ಮ ಆಪ್ತಸಲಹೆಗಾರ್ತಿ ಸುನೀತಾತಾಯಿಗೆ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ) ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಗಾಂವ್ ಕ್ಯೋಂ ಪೂಛಾ?" ಊರು ಯಾಕೆ ಕೇಳಿದೆ, ಅಷ್ಟೇ ಅಂದರು. ಪ್ರೀತಿಗೆ ಕೇಳಿದೆ ಎನ್ನಲು ನಾಚಿಕೆಯಾಯಿತು. ಅಂದಿನಿಂದ ಚಾಳು ಚಾಳು ಹುಡುಕುತ್ತಿದ್ದೇವೆ.

ಕಳೆದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಲ್ಲಪ್ಪನವರು ಅಕ್ಕರೆಯಿಂದ ಕೇಳಿದರು: "ದಿನಾ ಅಷ್ಟು ಅಡ್ಡಾಡ್ತೀರಿ, ನಮ್ಮ ಮಂದಿ ಯಾರರ ಸಿಕ್ಕಾರೇನ್ರಿ?"

ಈ ಪರವೂರಿನಲ್ಲಿ ನನ್ನನ್ನು ಮನೆಮಗಳ ಹಾಗೆ ನೋಡಿಕೊಂಡವರು. ಅವರ ಮುಖ ನೋಡದೆ, "ನಮ್ಮವರು ಯಾರೂ ಇಲ್ಲ" ಎಂದೆ.