ಲಿಡಿಯಾಳಿಗೆ ಮೊದಲು ಬಡಿಸಿದ ದಿನ

ಬಿಸಿಲು ಕಾಣದೆ ಮನೆಯೊಳಗೇ ಒಣಗಿದ ಹತ್ತಿ ಬಟ್ಟೆಗೆ ಒಂದು ವಾಸನೆಯಿರುತ್ತದೆ, ಹುಳಿಯೂ ಅಲ್ಲ, ಮುಗ್ಗೂ ಅಲ್ಲ. ಅದು ಮೂಗಿಗೆ ಬಡಿದಾಗಲೆಲ್ಲ ನಾನು ರೆಂಟನ್ನಿನ ನಮ್ಮ ಹಳೆಯ ಮನೆಯ ಬೇಸ್‌ಮೆಂಟಿನ ಮೆಟ್ಟಿಲ ಮೇಲಿರುತ್ತೇನೆ. ಕೆಳಗೆ ಡ್ರೈಯರ್ ಸುಮ್ಮನೆ ನಿಂತಿದೆ. ಅದರ ಮೇಲೆಯೇ ಹಗ್ಗ ಕಟ್ಟಿ ಲಿಡಿಯಾ ತನ್ನ ಉದ್ದ ಲಂಗವನ್ನೂ ಹೊಸ ಜೀನ್ಸನ್ನೂ ಪಕ್ಕಪಕ್ಕ ಹರವುತ್ತಿದ್ದಾಳೆ. ಜೀನ್ಸ್ ನೀಲಿ. ಕಪ್ಪು ಅನ್ನುತ್ತಾನೆ ನನ್ನ ತಮ್ಮ. ಇಷ್ಟು ಸಣ್ಣದರಲ್ಲೇ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಮುಂದಿನದನ್ನು ನೀವೂ ಸ್ವಲ್ಪ ಅನುಮಾನದಿಂದಲೇ ಓದಿ.

ಹೊಸ ಶತಮಾನದ ಮೊದಲ ವರ್ಷಗಳವು, ನನಗೆ ಹತ್ತು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಅಜ್ಜಿ ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದರು. ಬೇಸ್‌ಮೆಂಟಿನ ಕೋಣೆಗೆ ಬಾಡಿಗೆಗೆ ಬಂದ ಲಿಡಿಯಾಳಿಗೆ ಹತ್ತೊಂಬತ್ತು. ಮೊಂಟಾನಾದ ಆಮಿಷ್ ಊರಿನವಳು. ಕುದುರೆಗಾಡಿಯಲ್ಲಿ ಓಡಾಡುವ, ಮನೆಗೆ ಕರೆಂಟು ಹಾಕಿಸಿಕೊಳ್ಳದ ಜನ. ಆದರೆ ಹರೆಯದವರು ಕೆಲಕಾಲ ಹೊರಗಿನ ಲೋಕ ನೋಡಿ ಬಂದರೆ ಹಿರಿಯರು ಸಹಿಸಿಕೊಳ್ಳುತ್ತಾರೆ. ದೀಕ್ಷಾಸ್ನಾನ ಪಡೆದು ಚರ್ಚಿಗೆ ಸೇರುವುದೋ ಬಿಡುವುದೋ ಅವರವರೇ ತೀರ್ಮಾನಿಸಬೇಕು. ಲಿಡಿಯಾ ಹಗಲೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತ ಆ ತೀರ್ಮಾನವನ್ನು ಮುಂದೂಡುತ್ತಿದ್ದಳು.

ಯುಗಾದಿಗೆ ಅಮ್ಮ ಅವಳನ್ನು ಊಟಕ್ಕೆ ಕರೆದಳು. ನಮ್ಮಲ್ಲಿ ಅತಿಥಿಗೆ ಮೊದಲು. ಮೇಜಿನ ಮೇಲೆ ಒಂದೇ ತಟ್ಟೆ, ಸುತ್ತ ಪುಟ್ಟ ರಂಗೋಲಿ, ಹೋಳಿಗೆಯ ಮೇಲೆ ತುಪ್ಪ. ಅವಳನ್ನು ಕೂರಿಸಿ ನಾವೆಲ್ಲ ಬಡಿಸುತ್ತ ಸುತ್ತ ನಿಂತೆವು. ಅವಳ ಕೈ ಮೇಲೇಳಲಿಲ್ಲ, ಕುತ್ತಿಗೆಯವರೆಗೂ ಕೆಂಪಾದಳು. “ನಾನೇನು ತಪ್ಪು ಮಾಡಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಅಮ್ಮನನ್ನಲ್ಲ, ತಟ್ಟೆಯನ್ನು.

ಕಾರಣ ಆಮೇಲೆ ಅವಳೇ ಹೇಳಿದಳು. ಅವಳ ಅಣ್ಣ ಜೋನಸ್ ಚರ್ಚಿಗೆ ಸೇರಿ, ಆಮೇಲೆ ಬಿಟ್ಟು ಹೋಗಿ ಲಾರಿ ಓಡಿಸುತ್ತಿದ್ದನಂತೆ. ಹಾಗೆ ಸೇರಿ ಬಿಟ್ಟವರ ಜೊತೆ ಚರ್ಚಿನವರು ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಅವನು ಮನೆಗೆ ಬಂದಾಗ ತಾಯಿ ಮೂಲೆಯಲ್ಲಿ ಪುಟ್ಟ ಮೇಜು ಹಾಕಿ ಅವನಿಗೊಂದೇ ತಟ್ಟೆ ಇಡುತ್ತಿದ್ದಳು. ಇನ್ನೂ ಸೇರದ ಲಿಡಿಯಾ ಮಾತ್ರ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅವನ ಹತ್ತಿರ ಕೂರುತ್ತಿದ್ದಳು. ಸೇರಿದರೆ ಅಣ್ಣನ ಪಕ್ಕ ಹೋಯಿತು. ಸೇರದಿದ್ದರೆ ತಾಯಿಯ ಊರಿನಲ್ಲಿ ಬದುಕು ಹೋಯಿತು.

“ಸತ್ಕಾರ ಮಾಡ್ಲಿಕ್ಕೆ ಹೋಗಿ ಬಹಿಷ್ಕಾರ ಹಾಕಿದಿ ನೋಡು,” ಎಂದು ಅಪ್ಪ ಅಮ್ಮನನ್ನು ಕೆಣಕಿದರು. ಅಮ್ಮ ನಗಲಿಲ್ಲ. ಅಜ್ಜಿ ಆ ದಿನ ಮಡಿಯಲ್ಲಿದ್ದರು. ಯಾರೊಡನೆಯೂ ಕೂತು ಉಣ್ಣುವವರಲ್ಲ. ನಾನು ನನ್ನ ಹರಕು ಕನ್ನಡದಲ್ಲಿ ಎಲ್ಲ ಹೇಳಿದ ಮೇಲೆ, “ಅಂಜಬ್ಯಾಡ ಲಿಡ್ಯವ್ವಾ, ಇದು ನಮ್ಮ ಮರ್ಯಾದಿ,” ಎನ್ನುತ್ತ ತಮ್ಮ ತಟ್ಟೆ ತಂದು ಅವಳ ಎದುರು ಕೂತರು. ಹಾಗೆಂದು ನನ್ನ ನೆನಪು. ಅಮ್ಮ ಈಗಲೂ ನಗುತ್ತಾಳೆ: “ನಿಮ್ಮಜ್ಜಿ? ಮಡಿ ಬಿಟ್ಟು? ಕುರ್ಚಿ ಎಳಕೊಂಡು ಕೂತಾಕಿ ನಾನು.” ನೆನಪಿನಲ್ಲಿ ಇಬ್ಬರನ್ನೂ ಕೂರಿಸಿಟ್ಟುಕೊಂಡಿದ್ದೇನೆ. ಯಾರನ್ನೂ ಎಬ್ಬಿಸಲಾರೆ.

ಆ ಬೇಸಿಗೆ ಅಪ್ಪ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದರು. “ಲಗಾಮಲ್ಲವ್ವಾ, ಸ್ಟೀರಿಂಗ್ ಅದು!” ಎಂದು ಅವರು ಕನ್ನಡದಲ್ಲೇ ಕೂಗಿದರೆ ಅವಳು ಇನ್ನಷ್ಟು ಬಿಗಿ ಹಿಡಿದು ನಗುತ್ತಿದ್ದಳು. ಸಂಜೆ ಅಜ್ಜಿಯ ಪಕ್ಕ ಬಟಾಣಿ ಸುಲಿಯುತ್ತಿದ್ದಳು. “ಊರಿಗೆ ಹೊಕ್ಕಾಳೋ, ಇಲ್ಲೇ ಇರ್ತಾಳೋ, ಕೇಳು,” ಎಂದು ಅಜ್ಜಿ ನನ್ನನ್ನು ತಿವಿಯುತ್ತಿದ್ದರು. ನಾನು ಕೇಳಿದರೆ ಉತ್ತರ ಪ್ರತಿಸಲವೂ ಒಂದೇ: “ಸೇರು ಅಂತ ಜೋನಸ್ಸೇ ಹೇಳುತ್ತಾನೆ. ಅದೇ ಕಷ್ಟ.”

ಶರತ್ಕಾಲಕ್ಕೆ ಅಜ್ಜಿ ಊರಿಗೆ ಹೊರಟರು. ಲಿಡಿಯಾ ಯಾವಾಗ ಹೋದಳೋ ನೆನಪಿಲ್ಲ, ಕೋಣೆ ಗುಡಿಸಿಟ್ಟಿತ್ತು. ಆ ಮನೆಯನ್ನೂ ಬಿಟ್ಟೆವು, ಅಜ್ಜಿಯೂ ಈಗಿಲ್ಲ. ಅಜ್ಜಿ ಇರುವಾಗಲೇ, ಮರುವರ್ಷ, ಲಿಡಿಯಾಳ ಒಂದು ಪತ್ರ ಬಂದಿತ್ತು. ಅದನ್ನು ಫೋನಿನಲ್ಲಿ ಧಾರವಾಡಕ್ಕೆ ಓದಿ ಹೇಳಿದ್ದು ನಾನೇ. ಲಿಡಿಯಾ ಚರ್ಚಿಗೆ ಸೇರಿದ್ದಳು. ಆ ದಿನ ಜೋನಸ್ ಬಂದಿದ್ದ. ತಾಯಿ ಒಳಗೆ ಮೇಜನ್ನೇ ಹಾಕಲಿಲ್ಲವಂತೆ. ಅವನ ಜೊತೆಗೇ ಮನೆಮಂದಿಯೆಲ್ಲ ಅಂಗಳದಲ್ಲಿ ನಿಂತೇ ಉಂಡರಂತೆ.

ನಿಂತು ಉಂಡರೆ ನಮ್ಮನ್ನು ಬೈಯುತ್ತಿದ್ದವರು ಅಜ್ಜಿ. ಈ ಸಲ, “ಶ್ಯಾಣ್ಯಾ ಹೆಣ್ಮಗಳು ಆಕಿ ಅವ್ವ,” ಅಂದರು. “ಆ ಹುಡುಗ ಹೊಟ್ಟಿ ತುಂಬ ಉಂಡನೇನು?”

ಪತ್ರದಲ್ಲಿ ಅದಿರಲಿಲ್ಲ. ಹೂಂ ಅಜ್ಜಿ, ಅಂದೆ.