ಏನೂ ಹಚ್ಚದ ಎಂಟು ದಿನ

ಊರಿಗೆ ಮೊಬೈಲ್ ಹೊಸದಾಗಿ ಬಂದಿದ್ದ ಕಾಲ. ಮಗಳು ಹುಟ್ಟಿ ಮೂರು ತಿಂಗಳಾಗಿತ್ತು, ಉಮ್ಮತ್ತೂರಿನ ತವರಲ್ಲಿ ಬಾಣಂತನ. ಹೊಟ್ಟೆ ಇಳಿಯಲೆಂದು ಅವ್ವ ದಿನವೂ ಸುಡುನೀರು ಹುಯ್ದು, ಮೈ ಆರುವ ಮುಂಚೆಯೇ ಸೊಂಟಕ್ಕೆ ಹಳೇ ಸೀರೆ ಬಿಗಿದು ಸುತ್ತುತ್ತಿದ್ದಳು. ಆ ಸೀರೆಯಡಿಯಲ್ಲೇ ಕೆಂಪು ಬಳೆಗಳಂಥ ಗುರುತು ಎದ್ದವು. ತುರಿಕೆಯೆಂದರೆ ತುರಿಕೆ. ಅವ್ವ ನೋಡಿದವಳೇ ತೊಟ್ಟಿಲನ್ನು ನನ್ನ ಕೋಣೆಯಿಂದ ನಡುಮನೆಗೆ ಸಾಗಿಸಿದಳು. ಹಾಲಿನ ಹೊತ್ತಿಗೆ ನನ್ನ ಹೊಟ್ಟೆಗೆ ದುಪ್ಪಟಿ ಮುಚ್ಚಿ ಕೂಸನ್ನು ಕೊಡುವಳು, ತೇಗು ಬರುವ ಮೊದಲೇ ಎತ್ತಿಕೊಳ್ಳುವಳು. ಅದಕ್ಕೆ ಮುಂಚೆ ಮಗಳು ನನ್ನ ಹೊಟ್ಟೆಯ ಮೇಲೆಯೇ ಕವುಚಿ ನಿದ್ದೆ ಮಾಡುತ್ತಿದ್ದಳು. ಆ ಭಾರವಿಲ್ಲದ ಮಧ್ಯಾಹ್ನಗಳಲ್ಲಿ ದಿಂಬು ಇಟ್ಟುಕೊಂಡು ನೋಡಿದ್ದೇನೆ. ದಿಂಬು ಉಸಿರಾಡುವುದಿಲ್ಲ.

ಚಾಮರಾಜನಗರದ ಡಾಕ್ಟರಮ್ಮನ ಹತ್ತಿರ ಹೊರಟ ಬೆಳಿಗ್ಗೆ ಅವ್ವ ಸೀಗೆಪುಡಿ ಹಾಕಿ, ಎದ್ದಿದ್ದ ಸಿಪ್ಪೆಯೆಲ್ಲ ಉದುರುವಂತೆ ಸೊಂಟ ಉಜ್ಜಿದಳು. ಸಾಲದೆಂದು ಅಂಗಡಿ ಮುಲಾಮನ್ನೂ ಬಳಿದಳು. ಉರಿಯುತ್ತದೆ ಅಂದರೆ, "ಡಾಕ್ಟ್ರ ಮುಂದ್ಕೆ ಇಂಗೇ ಗಲೀಜಾಗಿ ಓದೀಯೇನಮ್ಮಿ? ನನ್ನ ಏನನ್ಕಂಡಾರು?" ಎಂದಳು.

ಡಾಕ್ಟರಮ್ಮ ಮೊಂಡು ಬ್ಲೇಡಿನಿಂದ ಗುರುತಿನ ಅಂಚು ಕೆರೆದು, ಗಾಜಿನ ಮೇಲೆ ಔಷಧಿಯ ಹನಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ಹುಡುಕಿದರು. ಏನೂ ಸಿಗಲಿಲ್ಲ. ಏನಾದರೂ ಹಚ್ಚಿದ್ದಿರಾ ಎಂದು ಕೇಳಿದರು. ಅವ್ವ ಸೆರಗು ನೋಡುತ್ತಾ ಇಲ್ಲ ಅಂದಳು. ನಾನೇ ಬಾಯಿಬಿಟ್ಟೆ. ಮುಲಾಮು ರೋಗದ ಚಹರೆಯನ್ನೇ ಕೆಡಿಸಿದೆ, ಕೆರೆಯಲು ಸಿಪ್ಪೆಯೂ ಉಳಿದಿಲ್ಲ, ಎಂಟು ದಿನ ಹಚ್ಚದೆ ಉಜ್ಜದೆ ಬನ್ನಿ ಎಂದು ಕಳಿಸಿದರು. ಕೂಸನ್ನು ಎತ್ತಿಕೊಳ್ಳಬಹುದೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಆ ಎಂಟು ದಿನವೂ ಅವ್ವ ನಡುಮನೆಯಲ್ಲಿ ಕೂಸಿಗೆ ಕಥೆ ಹೇಳುತ್ತಿದ್ದಳು. ನನಗೆ ಹೇಳಿದ್ದ ಕಥೆಗಳೇ. ಬಾಗಿಲಿಗೆ ಒರಗಿ ಕೇಳುತ್ತಿದ್ದೆ.

ಮತ್ತೆ ಹೋದಾಗ ಸೊಂಟ ನೋಡುವಂತಿರಲಿಲ್ಲ. ಡಾಕ್ಟರಮ್ಮನಿಗೆ ಮಾತ್ರ ಖುಷಿ. ಗಾಜಿನ ಕೆಳಗೆ ಕವಲೊಡೆದ ಸಣ್ಣ ಎಳೆಗಳಿದ್ದವು, ನನಗೂ ತೋರಿಸಿದರು. ಹುಳುಕಡ್ಡಿ, ಬಿಗಿದ ಒದ್ದೆ ಬಟ್ಟೆಯೊಳಗೆ ಬೆಳೆಯುವ ಶಿಲೀಂಧ್ರ ಎಂದರು. ಸೀರೆ ಬಿಚ್ಚಿಡಿ, ಕೊಟ್ಟ ಔಷಧಿ ಹಚ್ಚಿ, ಆ ಜಾಗ ಮುಚ್ಚಿಕೊಂಡು ಮಗುವನ್ನು ಎತ್ತಿಕೊಳ್ಳಿ ಎಂದರು.

"ದೊಡ್ ರೋಗ ಅಲ್ವಾ ತಾಯಿ?" ಅವ್ವ ಕೇಳಿದಳು. ಕುಷ್ಠವೆಂಬ ಹೆದರಿಕೆಯನ್ನು ಅಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದಳು. ಅಲ್ಲ ಎಂದಾಗ ಅಲ್ಲೇ ಅತ್ತಳು.

ಮನೆಗೆ ಬಂದು ಅವಳೇ ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಮಗಳು ಅವಳತ್ತ ಮುಖ ತಿರುಗಿಸಿ ಚೀರಿದಳು. ಅವ್ವ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು.

"ಅಳ್ಲಿ ಬುಡಮ್ಮಿ, ನಿನ್ ವಾಸ್ನೆ ಮರ್ತವಳೆ. ನಾನಿದ್ರೆ ನಿನ್ತಾವ ನಿಲ್ಲಕಿಲ್ಲ," ಎಂದು ಹಿತ್ತಲಿಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮಗಳು ಅಳುತ್ತಲೇ ಇದ್ದಳು. ನಾನು ಕೆಳಗಿಳಿಸಲಿಲ್ಲ.