ಪೂರ್ವಪಕ್ಷವಲ್ಲದ ಪ್ರಶ್ನೆ

ನಾನು ನಿಂತಿದ್ದುದು ಕಮಲಾಪುರ ಬಸ್ ನಿಲ್ದಾಣದ ಎದುರು, ಬಾಳೆಹಣ್ಣಿನ ಗಾಡಿಯ ಎಡಬದಿಗೆ. ವರ್ಷಗಳ ಹಿಂದಿನ ಒಂದು ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ. ಮೊನ್ನೆ ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹತ್ತಿರ, ಕಳಿತ ಕೆಂಪು ಬಾಳೆಹಣ್ಣಿನ ಅದೇ ವಾಸನೆ ಬಂತು. ಕೊಳ್ಳದೆ ನಡೆದುಬಿಟ್ಟೆ...

ಅಂದು ಅಲ್ಲಿ ಎದುರಾದವರು ನಮಗೆ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಸರ್. ತಾವು ಒಪ್ಪದ ವಾದವನ್ನೇ ಪೂರ್ವಪಕ್ಷವಾಗಿ ಹಿಡಿದು, ನಂಬಿದವರಂತೆ ಮಂಡಿಸುವುದು ಅವರ ಪದ್ಧತಿ. ಅದನ್ನು ಕೆಡವುವುದು ನಮ್ಮ ಕೆಲಸ. ಸ್ವತಃ ಬೌದ್ಧರು, ಸ್ಥಿರವಾದ 'ನಾನು' ಎಂಬುದೇ ಇಲ್ಲ ಎನ್ನುವವರು. ಆದರೂ ಒಂದು ದಿನ ಆತ್ಮವಾದಿಯಾಗಿ, ನಿನ್ನೆ ಕಂಡವನೂ ಇಂದು ನೆನೆಯುವವನೂ ಒಬ್ಬನೇ ಅಲ್ಲದಿದ್ದರೆ ನೆನಪು ಹೇಗೆ ಸಾಧ್ಯ ಎಂದು ಕೇಳುತ್ತ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನಾವು ವಾದ ಬಿಟ್ಟು ನೀರಿನ ಲೋಟ ಮುಂದೆ ಹಿಡಿದೆವು. "ಕರುಣಾ ತೋರಸ್ಬ್ಯಾಡ್ರೋ, ಉತ್ತರ ಕೊಡ್ರಿ," ಎಂದು ಗದರಿದ್ದರು.

ನಿವೃತ್ತರಾದ ಮೇಲೆ ಕಮಲಾಪುರದಲ್ಲಿದ್ದರು. ಆ ಅಮಾವಾಸ್ಯೆಗೆ ನಾನು ಸಹಪಾಠಿಯೊಬ್ಬನ ಹೊಲದಲ್ಲಿ ಹಬ್ಬದೂಟ ಉಂಡು, ಅವನೊಡನೆ ಬಸ್ಸಿಗೆ ಕಾಯುತ್ತಿದ್ದಾಗ ಸರ್ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದನ್ನು ನಾನು ನೋಡಿದೆ.

"ಮುಂಜಾನಿ ಮನ್ಯಾಗಿಂದ ಹೊಂಟಾಂವ ಯಾರು, ಇಲ್ಲಿ ನಿಂತಾಂವ ಯಾರು... ಒಂದೂ ತಿಳೀವಲ್ದು."

"ಸರ್ ಪೂರ್ವಪಕ್ಷ ಶುರು ಮಾಡಿದ್ರು ನೋಡಪಾ," ಎಂದು ಸಹಪಾಠಿ ನಕ್ಕ. "ಹೊಂಟಾಂವನೂ ಇಲ್ಲ, ನಿಂತಾಂವನೂ ಇಲ್ರಿ ಸರ್. ಕ್ಷಣಕ್ಷಣಕ್ಕ ಹುಟ್ಟಿ ಹೋಗೋ ಅರಿವು, ಅಷ್ಟ."

"ನನ್ನ ಮನಿ ಯಾವ ಕಡಿ ಅದಪಾ?"

ಆಗ ನಾನು ಹೇಳಿದೆ: "'ನನ್ನ' ಅಂಬೋದು ಮೊದ್ಲ ಸಾಧಿಸ್ರಿ ಸರ್. ಹಾದಿ ಆಮ್ಯಾಲ ಕೇಳೀರಂತ."

ಅವರ ಕಣ್ಣು ತುಂಬಿದವು. ನಾವು ಕರಗಲಿಲ್ಲ; ಕರಗಬಾರದೆಂದೇ ಕಲಿತಿದ್ದೆವು. ಬಸ್ಸು ಬಂತು. ಗೆದ್ದ ಖುಷಿಯಲ್ಲಿ ಆ ಬರಿಗಾಲನ್ನು ಮುಟ್ಟಿ ನಮಸ್ಕರಿಸಿ ಹತ್ತಿದೆವು.

ಸಂಜೆ ಅವರ ಹೆಂಡತಿಯ ಫೋನು. "ಸರ್ ನಿನ್ನ ಕಡಿ ಬಂದಾರೇನಪಾ? ಹೋದ ವರ್ಷದಿಂದ ಅವರಿಗಿ ಮರವು ಹತ್ಯಾದ. ಮನಿ ಹಾದಿ ಸುದ್ದಾ ನೆಪ್ಪಿರಲ್ಲ."

ಮರುದಿನ ಮಹಾಗಾಂವದ ಹತ್ತಿರ, ತೊಗರಿ ಹೊಲದ ಬದುವಿನ ಮೇಲೆ ಕೂತಿದ್ದರಂತೆ. ಪಾದವೆಲ್ಲ ಮುಳ್ಳು. ಆಮೇಲೂ ಕೆಲವು ವರ್ಷ ಬದುಕಿದರು. ನಾನು ಹೋದಾಗಲೆಲ್ಲ ಅಪರಿಚಿತನಿಗೆ ಬಿಡುವಂತೆ ಮಂಚದಲ್ಲಿ ಜಾಗ ಬಿಡುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ.

ಈಗ ಅವರಿಲ್ಲ. ಅವರು ಕಲಿಸಿದ್ದು ನಿಜವಾದರೆ ಅಂದು ಮಾತಾಡಿದವನು ಈಗಿನ ನಾನಲ್ಲ. ಆ ವಾದದ ಹಿಂದೆ ಅಡಗಲು ಎಷ್ಟೋ ಸಲ ನೋಡಿದ್ದೇನೆ... ಆಗಿಲ್ಲ.

ಅಂದಿನ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಕಂಡವರು ಇನ್ನಿಬ್ಬರಿದ್ದರು. ಹಣ್ಣಿನ ಗಾಡಿಯವನು ತೀರಿಕೊಂಡ. ಸಹಪಾಠಿ ಶರಣಸಿರಸಗಿಯಲ್ಲಿದ್ದಾನೆ; ಸಿಕ್ಕಾಗ ಮಳೆ, ಮಕ್ಕಳ ಮಾತಾಡುತ್ತೇವೆ. ಆ ಮಾತು ಆಡಿದ್ದು ನಾನೇ ಎಂದು ಬಲ್ಲವನು ಈಗ ಅವನೊಬ್ಬನೇ.